ಮಂಡಿಯೂರಲು ಕಲಿಸಿದ ಮೇಷ್ಟ್ರು

ಮೇಷ್ಟ್ರ ಎರಡೂ ಮಂಡಿಗಳು ಕಪ್ಪಗೆ ಜಡ್ಡುಗಟ್ಟಿದ್ದವು. ಪಂಚೆ ಎತ್ತಿ ಕಟ್ಟಿಕೊಂಡು ಜನ್ನಾಪುರದ ಮನೆ ಮುಂದಿನ ದಾಸವಾಳಕ್ಕೆ ನೀರು ಹಾಕುವಾಗ ಎದ್ದು ಕಾಣುತ್ತಿದ್ದವು. ಕಾರ್ಖಾನೆ ಕೆಲಸದಿಂದ ಆದದ್ದು ಅಂತ ಅಕ್ಕಪಕ್ಕದವರು ತಿಳಿದಿದ್ದರು. ಅದಲ್ಲ. ಬೆಳಿಗ್ಗೆ, ಸಂಜೆ ಬರಿ ನೆಲದ ಮೇಲೆ ಮಂಡಿಯೂರಿ ಜಪಸರ ಮಾಡಿ ಮಾಡಿ ಆದದ್ದು. ಚಾಪೆಯನ್ನಾದರೂ ಹಾಕಿಕೊಳ್ಳಿ ಅಂದರೆ, "ಮರಿಯಮ್ಮನವರ ಮುಂದೆ ಎಂಥ ಸುಖ ಮಾರಾಯ್ತಿ?" ಎಂದು ನನಗೇ ಗದರುತ್ತಿದ್ದರು.

ವಾರವೆಲ್ಲ ಕಾರ್ಖಾನೆಯಲ್ಲಿ ಫಿಟ್ಟರ್, ಭಾನುವಾರ ಭದ್ರಾವತಿಯ ನಮ್ಮ ಚರ್ಚಿನಲ್ಲಿ ಮಕ್ಕಳಿಗೆ ಜ್ಞಾನೋಪದೇಶದ ಮೇಷ್ಟ್ರು. ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ನಮ್ಮನ್ನೆಲ್ಲ ಸಾಲಾಗಿ ಮಂಡಿಯೂರಿಸಿ ನಾಲಿಗೆ ಚಾಚುವ ಅಭ್ಯಾಸ ಮಾಡಿಸುತ್ತಿದ್ದರು. ಜಾಸ್ತಿ ಚಾಚಿದರೆ "ಡಾಕ್ಟ್ರ ಹತ್ರ ಬಂದಿದೀಯೇನೇ?" ಕಡಿಮೆ ಚಾಚಿದರೆ "ದೇವರ ಹತ್ರಾನೂ ಜಿಪುಣತನಾನಾ?" ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಆದರೆ ಆ ಪುಟ್ಟ ಬಿಳಿ ರೊಟ್ಟಿ ಬರೀ ಗುರುತಲ್ಲ, ಸಾಕ್ಷಾತ್ ಯೇಸುಸ್ವಾಮಿಯೇ ಎಂದು ಹೇಳುವಾಗ ಅವರ ದನಿ ತಗ್ಗುತ್ತಿತ್ತು. ನಗು ತಾನಾಗಿ ನಿಲ್ಲುತ್ತಿತ್ತು. ನನ್ನ ನಂಬಿಕೆ ಹುಟ್ಟಿದ್ದು ಆ ತಗ್ಗಿದ ದನಿಯಲ್ಲಿ.

ಕೊರೊನಾ ದಿನಗಳಲ್ಲಿ ಕಾಯಿಲೆಯ ಅಮ್ಮನನ್ನು ಬಿಟ್ಟು ನಾನೂ, ವಯಸ್ಸಾಯಿತೆಂದು ಮೇಷ್ಟ್ರೂ ಚರ್ಚಿಗೆ ಹೋಗಲಿಲ್ಲ. ಫೋನಿನಲ್ಲಿ ಪೂಜೆ ನೋಡಿದೆವು. ಮತ್ತೆ ಹೋಗುವ ಹೊತ್ತಿಗೆ ರೋಗ ಹೋಗಿತ್ತು, ರೋಗಕ್ಕಾಗಿ ತಂದ ರೂಢಿ ಉಳಿದಿತ್ತು. ಎಲ್ಲರೂ ನಿಂತುಕೊಂಡು ಅಂಗೈಯಲ್ಲಿ ಪ್ರಸಾದ ಇಸಿದುಕೊಳ್ಳುತ್ತಿದ್ದರು. ಹೊಸ ಫಾದರ್ ಚಿಕ್ಕ ವಯಸ್ಸಿನವರು, ನಗುಮುಖದವರು. ನಾವಿಬ್ಬರೂ ಮುಂದೆ ಹೋಗಿ ಮಂಡಿಯೂರಿದಾಗ ಬಗ್ಗಿ ಮೆಲ್ಲಗೆ, "ಕಾಲ ಬದಲಾಗಿದೆ. ದೇವರು ನೋಡೋದು ಮನಸ್ಸು, ಮಂಡಿಯಲ್ಲ. ಎದ್ದು ಕೈಯಲ್ಲಿ ತಗೊಳ್ಳಿ," ಎಂದರು. ಮೇಷ್ಟ್ರು ಏಳಲಿಲ್ಲ. ನಾನೂ ಏಳಲಿಲ್ಲ. ಫಾದರ್ ನಮ್ಮ ಹಿಂದಿನವರಿಗೆ ಕೊಡಲು ಹೋದರು.

ಹೊರಗೆ ಬಂದ ಮೇಲೆ ಮೇಷ್ಟ್ರು ಚಪ್ಪಲಿ ಮೆಟ್ಟುತ್ತಾ ಕೇಳಿದರು: "ಬಸ್ಸಲ್ಲಿ ಟಿಕೆಟ್ ಇಸ್ಕೊಂಡಂಗೆ ದೇವರನ್ನ ಇಸ್ಕೊಳ್ಳೋಕಾಗುತ್ತಾ ಮಗಾ? ಅವರು ನಾಲಿಗೆ ಮೇಲೆ ಕೊಡೋವರೆಗೂ ನಾವಿಬ್ರೂ ತಗೊಳ್ಳೋದು ಬೇಡ. ಏನಂತೀಯ?"

"ಆಗ್ಲಿ ಮೇಷ್ಟ್ರೇ," ಅಂದೆ.

ಹೇಳಿದಷ್ಟು ಸುಲಭವಾಗಿರಲಿಲ್ಲ. ಪ್ರತಿ ಭಾನುವಾರ ಇಡೀ ಚರ್ಚು ಎದ್ದು ಸಾಲು ನಿಂತಾಗ ಎಡಗಡೆಯ ಬೆಂಚಿನಲ್ಲಿ ನಾವಿಬ್ಬರೇ. ಪ್ರಸಾದಕ್ಕೆ ಹೋಗದವಳೆಂದರೆ ದೊಡ್ಡ ಪಾಪ ಹೊತ್ತವಳೆಂದೇ ನಮ್ಮವರ ಲೆಕ್ಕ. ಮೇಷ್ಟ್ರನ್ನಾದರೆ ಹಠಮಾರಿ ಮುದುಕ ಎಂದು ಬಿಟ್ಟರು. ಮದುವೆಯಾಗದೆ ಹೊಲಿಗೆ ಮಾಡಿಕೊಂಡಿರುವ ನನ್ನನ್ನು ಬಿಡುತ್ತಾರೆಯೇ? ಹೊಳೆಹೊನ್ನೂರಿನ ಯಾವನೋ ಅಡಿಕೆ ವ್ಯಾಪಾರಿಯ ಜೊತೆ ನನಗೆ ಚರ್ಚಿಗೆ ತಿಳಿಯದ ಹಾಗೆ ರಿಜಿಸ್ಟರ್ ಮದುವೆಯನ್ನೇ ಮಾಡಿಸಿದರು. ಆ ಪುಣ್ಯಾತ್ಮನನ್ನು ನಾನು ಇವತ್ತಿಗೂ ನೋಡಿಲ್ಲ.

ಅಮ್ಮ ತೀರಿಕೊಂಡು ವರ್ಷ ತುಂಬಿದಾಗ ಪೂಜೆ ಇಟ್ಟುಕೊಂಡಿದ್ದೆವು. ಪ್ರಸಾದದ ಹೊತ್ತಿಗೆ ಅಣ್ಣ ನನ್ನ ಕಡೆ ಬಗ್ಗಿ, "ಅಮ್ಮನಿಗೋಸ್ಕರ ಆದ್ರೂ ತಗೋಬಾರ್ದೇನೇ?" ಎಂದ. ನನಗೆ ದುಃಖ ಉಕ್ಕಿ ಬಂತು. ಏಳಲು ಮುಂದಿನ ಬೆಂಚಿಗೆ ಕೈಯೂರಿಯೂ ಬಿಟ್ಟಿದ್ದೆ. ಪಕ್ಕದಲ್ಲಿದ್ದ ಮೇಷ್ಟ್ರು ನನ್ನ ಮೊಣಕೈ ಹಿಡಿದು ಪಿಸುಗುಟ್ಟಿದರು: "ತಡ್ಕೋ ಮಗಾ. ನಾನೂ ಹಸ್ಕೊಂಡೇ ಕೂತಿದೀನಲ್ಲ."

ನಾನು ಕುಳಿತುಬಿಟ್ಟೆ.

ಆಮೇಲೊಂದು ದಿನ ಮಕ್ಕಳ ಪ್ರಥಮ ಪ್ರಸಾದದ ಫ್ರಾಕುಗಳಿಗೆ ಬಿಳಿ ನೆಟ್ ಬಟ್ಟೆ ತರಲು ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದೆ. ಕೆಲಸ ಬೇಗ ಮುಗಿಯಿತು. ಸಂಜೆ ಪೂಜೆ ನೋಡಿಕೊಂಡೇ ಬಸ್ಸು ಹತ್ತೋಣವೆಂದು ಅಲ್ಲಿನ ಚರ್ಚಿಗೆ ಹೋದೆ. ಪ್ರಸಾದದ ಸಾಲಿನಲ್ಲಿ ಕಾಲು ಎಳೆದುಕೊಂಡು ನಡೆಯುತ್ತಿದ್ದವರೊಬ್ಬರ ಬೆನ್ನು ಕಂಡಿತು. ಮೇಷ್ಟ್ರು. ಬಲಗೈ ಮೇಲೆ ಎಡಗೈ ಇಟ್ಟು ಚಾಚಿದರು, ಪ್ರಸಾದ ಬಾಯಿಗಿಟ್ಟುಕೊಂಡರು. ಅಂಗೈಯಲ್ಲಿ ಚೂರೇನಾದರೂ ಉಳಿದಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ನಾಲಿಗೆಯಿಂದ ಒರೆಸಿಕೊಂಡರು. ಅಷ್ಟು ಜೋಪಾನವಾಗಿ ಯಾರೂ ತೆಗೆದುಕೊಂಡದ್ದನ್ನು ನಾನು ನೋಡಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು, ಯಾಕೆಂದರೆ ಅದು ಮೊದಲ ಸಲದ ಕೈ ಆಗಿರಲಿಲ್ಲ.

ಗೇಟಿನ ಬಳಿ ಕಾದು ನಿಂತೆ. ನನ್ನನ್ನು ಕಂಡು ಅವರ ಮುಖ ಬಿಳಿಚಿಕೊಂಡಿತು.

"ಯಾವಾಗಿಂದ ಮೇಷ್ಟ್ರೇ?"

"ನಾವು ಬಿಟ್ಟ ವರ್ಷದ ಕ್ರಿಸ್ಮಸ್ಸಿಂದ."

"ಅಂದ್ರೆ ಅಮ್ಮನ ಪೂಜೆ ದಿನ?"

ಅವರು ಅಂಗೈಗಳನ್ನು ಪಂಚೆಗೆ ಒರೆಸಿಕೊಂಡರು.

"ಹಸ್ಕೊಂಡೇ ಕೂತಿದೀನಿ ಅಂದ್ರಲ್ಲ!"

"ತಡ್ಕೊಳ್ಳೋಕಾಗ್ಲಿಲ್ಲ ಮಗಾ. ಅದಿಲ್ದೇ ಬದುಕೋಕಾಗ್ಲಿಲ್ಲ ನಂಗೆ."

"ನನಗೆ ಆಗ್ತಿತ್ತಾ? ಹೇಳೋಕೇನಾಗಿತ್ತು?"

ಅವರು ತಲೆ ತಗ್ಗಿಸಿದರು. "ನೀನೂ ಎದ್ದು ಹೋದ್ರೆ ಅಲ್ಲಿ ಮಂಡಿಯೂರೋರು ಯಾರೂ ಉಳಿಯಲ್ಲ ಅನ್ನಿಸ್ತು."

ತಮ್ಮ ಕೈಯಲ್ಲಿ ಕಾಯಲಾಗದ್ದನ್ನು ಕಾಯಲು ನನ್ನನ್ನು ಕೂರಿಸಿ ಹೋಗಿದ್ದರು. ಕೈ ಚಾಚಿದ್ದಕ್ಕೆ ನನಗೆ ಸಿಟ್ಟಿಲ್ಲ, ಹಸಿದವರು ಚಾಚುತ್ತಾರೆ. ನನ್ನ ಮೊಣಕೈ ಹಿಡಿದ ಕೈಯೂ ಅದೇ ಅಲ್ಲವೇ? ಅದನ್ನು ನುಂಗಿಕೊಳ್ಳಲು ಆಗಲಿಲ್ಲ.

ಅವತ್ತೇ ಮಾತು ಬಿಟ್ಟೆ. ಚರ್ಚಿನಲ್ಲಿ ಬಲಗಡೆಯ ಬೆಂಚಿಗೆ ಹೋದೆ. ಅವರು ಭಾನುವಾರಗಳಲ್ಲಿ ಎಡಗಡೆ ಒಬ್ಬರೇ ಕೂತು, ಪ್ರಸಾದಕ್ಕೆ ಏಳದೆ, ನನ್ನತ್ತ ನೋಡುತ್ತಿದ್ದರು. ಸಾಲಿನಲ್ಲಿ ನಿಂತು ನಾನೂ ಕೈ ಚಾಚಬಹುದಿತ್ತು. ನನ್ನ ಚಿಕ್ಕಂದಿನಲ್ಲಿ ಅವರು ತಗ್ಗಿದ ದನಿಯಲ್ಲಿ ಹೇಳಿದ್ದು ಬಿಡಲಿಲ್ಲ. ಮಂಡಿಯೂರಲು ಹೋದರೆ ಶಿವಮೊಗ್ಗದ ಆ ಅಂಗೈ ಕಣ್ಣ ಮುಂದೆ ಬರುತ್ತಿತ್ತು. ಎರಡೂ ಆಗದೆ ಸುಮ್ಮನೆ ಕೂರುತ್ತಿದ್ದೆ.

ಹೋದ ಸಲ ಈಸ್ಟರಿಗೆ ಮುಂಚಿನ ತಪಸ್ಸು ಕಾಲದಲ್ಲಿ ಅವರು ತೀರಿಕೊಂಡರು. ಯಾರೋ ಪ್ಯಾಂಟು ಕೋಟು ಹಾಕಿಸಿ ಪೆಟ್ಟಿಗೆಯಲ್ಲಿ ಮಲಗಿಸಿದ್ದರು; ಆ ಕಪ್ಪು ಮಂಡಿಗಳು ಕಾಣಿಸುತ್ತಿರಲಿಲ್ಲ. ಚರ್ಚಿನಲ್ಲಿ ಅವರ ಅಂತ್ಯಸಂಸ್ಕಾರದ ಪೂಜೆ. ಪ್ರಸಾದದ ಸಾಲು ಮುಗಿಯುವ ಹೊತ್ತಿಗೆ ನಾನು ಎದ್ದೆ. ಸಿಟ್ಟಿನಿಂದ ಎದ್ದೆನೋ ಹಸಿವಿನಿಂದ ಎದ್ದೆನೋ, ಗೊತ್ತಿಲ್ಲ. ಫಾದರ್ ಮುಂದೆ ಮಂಡಿಯೂರಿ, ಜಾಸ್ತಿಯೂ ಅಲ್ಲ, ಕಡಿಮೆಯೂ ಅಲ್ಲ, ಮೇಷ್ಟ್ರು ಹೇಳಿಕೊಟ್ಟಷ್ಟೇ ನಾಲಿಗೆ ಚಾಚಿದೆ. ಫಾದರ್ ನನ್ನನ್ನು ನೋಡಿದರು. ಪೆಟ್ಟಿಗೆಯನ್ನು ನೋಡಿದರು. ಆಮೇಲೆ ಬಗ್ಗಿ, ಪ್ರಸಾದವನ್ನು ನಾಲಿಗೆಯ ಮೇಲಿಟ್ಟರು.

ಕಾಲು ತಾನಾಗಿಯೇ ಎಡಗಡೆಯ ಹಳೆಯ ಬೆಂಚಿಗೆ ಕರೆದುಕೊಂಡು ಹೋಯಿತು. ಕೂತು, ಕಣ್ಣೊರೆಸಿಕೊಂಡು, "ಕೊಟ್ರು ಮೇಷ್ಟ್ರೇ," ಎನ್ನಲು ಪಕ್ಕಕ್ಕೆ ತಿರುಗಿಯೇಬಿಟ್ಟಿದ್ದೆ.