ದೀಪ ಹೊತ್ತುವವರೆಗೆ ಕಾಯಿರಿ

ಕಳೆದ ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ನಾನು ಬಿಟಿಎಂ ಲೇಔಟಿನ ಒಂದು ಸೈಬರ್ ಕೆಫೆಯಲ್ಲಿ, ಮೂರನೇ ಕಂಪ್ಯೂಟರಿನ ಹಿಂದೆ ನಿಂತಿದ್ದೆ. ಕುರ್ಚಿಯಿಂದ ಎರಡು ಅಡಿ ದೂರ. ಹೆಚ್ಚಿಲ್ಲ. (ಆಫೀಸಿನ ಲೈನ್ ಕೆಟ್ಟಿತ್ತು. ಮೇಲ್ ನೋಡಲು ಬಂದಿದ್ದೆ.)

ಕುರ್ಚಿಯಲ್ಲಿದ್ದವರು ಗದಗದ ಕಡೆಯ ಸಾವಿತ್ರಿ. ಹೆಸರು ಆಮೇಲೆ ತಿಳಿಯಿತು. ಅವರು ತೆರೆದಿದ್ದು ಜಯನಗರದ ಒಂದು ರಕ್ತನಿಧಿಯ ವೆಬ್‌ಸೈಟ್. ಅದನ್ನು ಮಾಡಿದವನು ನಾನು. ನಿಂತು ನೋಡಲು ಬೇರೆ ಕಾರಣ ಬೇಕೇ?

ಪರದೆಯ ಮೇಲೆ, ಸೈಟ್ ತೆರೆಯುವ ಮುನ್ನ ಬರುವ ಒಂದು ದೀಪದ ಚಿತ್ರ ನಿಧಾನವಾಗಿ ಹೊತ್ತಿಕೊಳ್ಳತೊಡಗಿತು. ನನ್ನ ಹೆಮ್ಮೆಯ ದೀಪ. ಅದನ್ನು ದಾಟಿ ಮುಂದೆ ಹೋಗಲು ನಾನು ಬಟನ್ ಇಟ್ಟಿರಲಿಲ್ಲ.

"ಅಣ್ಣಾರ, ಈ ದೀಪ ಯಾವಾಗ ಹತ್ತತೈತ್ರಿ? ನಮ್ಮ ನಾದಿನಿ ಹೆರಿಗಿಗೆ ಹೋಗ್ಯಾಳ. ರಕ್ತ ನಿಲ್ಲವಲ್ದು. ಬಿ ನೆಗೆಟಿವ್ ತರ್ರಿ ಅಂದಾರ," ಎಂದು ಅವರು ಕೆಫೆಯ ನಾಗರಾಜನನ್ನು ಕೇಳಿದರು.

"ಲೈನ್ ಸ್ಲೋ ಇದೆ ಅಕ್ಕ. ಫೋನ್ ನಂಬರ್ ಒಳಗಡೆ ಇರತ್ತೆ, ನೋಡಿ," ಎಂದ ಅವನು.

ಒಳಗಡೆ ಎಲ್ಲಿ? ನಂಬರನ್ನು ಯಾವ ಪುಟದಲ್ಲಿ ಇಟ್ಟಿದ್ದೆನೆಂದು ನನಗೇ ನೆನಪಾಗಲಿಲ್ಲ.

ಸೈಟ್ ಮಾಡುವ ಮೊದಲೇ ನಮ್ಮ ಆಫೀಸಿನ ಗಾಯತ್ರಿ ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ ಚೌಕಗಳನ್ನು ಗೀಚಿದ್ದಳು. ಯಾವುದು ಮೇಲೆ, ಯಾವುದು ಕೆಳಗೆ, ಯಾವ ಪುಟದಿಂದ ಯಾವ ಪುಟಕ್ಕೆ ದಾರಿ. ಎಲ್ಲಕ್ಕಿಂತ ಮೇಲಿನ ದೊಡ್ಡ ಚೌಕದಲ್ಲಿ 'ಫೋನ್' ಎಂದಿತ್ತು. "ಇದನ್ನ ತೋರಿಸಿದ್ರೆ ಮರ್ಯಾದೆ ಹೋಗತ್ತೆ ಕಣಮ್ಮ. ಬಣ್ಣ ಎಲ್ಲಿ ಅಂತಾರೆ ರಕ್ತನಿಧಿ ಡಾಕ್ಟ್ರು," ಎಂದು ಆ ಹಾಳೆಯನ್ನು ಡ್ರಾಯರಿಗೆ ಹಾಕಿದವನೂ ನಾನೇ. ಮೊದಲು ದೀಪ ಬರೆದೆ. ಉಳಿದದ್ದನ್ನು ಜಾಗ ಇದ್ದಲ್ಲಿ ತುರುಕಿದೆ.

ದೀಪ ಹೊತ್ತಿತು. ಸಾವಿತ್ರಿ ಒಂದು ಪುಟ ತೆರೆದರು: ಸಂಸ್ಥಾಪಕರ ಫೋಟೊ. ಇನ್ನೊಂದು ಪುಟ: ಉದ್ಘಾಟನೆಯ ಫೋಟೊ. ಕೊನೆಗೆ ತಳದಲ್ಲಿ, ಸಣ್ಣ ಅಕ್ಷರದಲ್ಲಿ ಒಂದು ನಂಬರ್ ಕಂಡಿತು. ಅದನ್ನು ಬರೆದುಕೊಂಡು ಕೌಂಟರಿನ ಫೋನಿಗೆ ಓಡಿದರು.

ನನ್ನ ಜೇಬಿನಲ್ಲಿ ಮೊಬೈಲ್ ರಿಂಗಾಯಿತು.

(ತಳದಲ್ಲಿದ್ದದ್ದು ಸೈಟ್ ಮಾಡಿದವರ ಸಾಲು. ನನ್ನ ಹೆಸರು, ನನ್ನ ನಂಬರ್.)

"ಹಲೋ, ರಕ್ತ ಐತೇನ್ರಿ?" ಆ ಮಾತು ಒಂದು ಕಿವಿಗೆ ಮೊಬೈಲಿನಿಂದ, ಇನ್ನೊಂದು ಕಿವಿಗೆ ಕೌಂಟರಿನಿಂದ ಬಂತು.

ರಕ್ತನಿಧಿಯ ಡಾಕ್ಟರ ನಂಬರ್ ನನ್ನ ಮೊಬೈಲಿನಲ್ಲಿತ್ತು. ಅವರು ಸಿಕ್ಕಿದರು. ರಕ್ತವೂ ಸಿಕ್ಕಿತು. ಆಟೋದಲ್ಲಿ ನಾನೂ ಜೊತೆಗೆ ಹೋದೆ. ದಾರಿಯುದ್ದಕ್ಕೂ ಡ್ರೈವರಿಗೆ ಬೇಗ, ಬೇಗ ಎನ್ನುತ್ತಿದ್ದೆ.

"ನೀವ್ಯಾಕ ಹೆದರ್ತೀರಿ ಅಣ್ಣಾರ? ನಿಮ್ಮ ನಂಬರ್ ಸಿಕ್ಕಿದ್ದು ನಮ್ಮ ಪುಣ್ಯ," ಎಂದರು ಸಾವಿತ್ರಿ.

ಆ ಸೈಟ್ ಮಾಡಿದವನು ನಾನೇ ಎಂದು ಅವರಿಗೆ ಇವತ್ತಿಗೂ ಹೇಳಿಲ್ಲ.

ಇದನ್ನು ಕಣ್ಣಾರೆ ಕಂಡವರು ನಾಗರಾಜ ಮತ್ತು ಸಾವಿತ್ರಿ, ಇಬ್ಬರೂ ಇದ್ದಾರೆ. ಇದೇನನ್ನೂ ಕಾಣದ ಆ ನಾದಿನಿಯೂ ಇದ್ದಾರೆ, ಅವತ್ತು ನನ್ನ ಮೊಬೈಲಿನಲ್ಲಿ ಚಾರ್ಜ್ ಇತ್ತು ಎಂಬ ಒಂದೇ ಕಾರಣಕ್ಕೆ.