ಬಂಡೆಯ ಮೇಲಿನ ಕುಂಟೆ

ನನಗೆ ಡಾಕ್ಟರೇಟ್ ಬಂದ ದಿನ ದೊಡ್ಡಬಳ್ಳಾಪುರದ ನಮ್ಮ ಬೀದಿಗೆಲ್ಲ ಅಪ್ಪ ಮೈಸೂರುಪಾಕು ಹಂಚಿದರು. ನಾನು ಒಂದು ಚೂರೂ ಬಾಯಿಗೆ ಹಾಕಲಿಲ್ಲ. ಹುಡುಗಿಗೆ ಎಷ್ಟು ವಿನಯ ಎಂದು ಜನ ಮಾತಾಡಿಕೊಂಡರು. ವಿನಯವೂ ಅಲ್ಲ, ಮಣ್ಣೂ ಅಲ್ಲ. ಗಂಟಲ ತುಂಬ ಸಿಟ್ಟಿತ್ತು.

ಅಪ್ಪ ನೇಯುವುದರ ಜೊತೆಗೆ ಸೀರೆಯ ವಿನ್ಯಾಸವನ್ನೂ ಬರೆಯುತ್ತಿದ್ದರು. ಗ್ರಾಫ್ ಕಾಗದದಲ್ಲಿ ಒಂದೊಂದೇ ಚೌಕಕ್ಕೆ ಬಣ್ಣ ತುಂಬುತ್ತ ನವಿಲು, ಮಾವಿನಕಾಯಿ, ಗೋಪುರಗಳನ್ನು ಎಬ್ಬಿಸುವ ಕೆಲಸ. ಆಮೇಲೆ ಅದನ್ನು ನೋಡಿಕೊಂಡು ರಟ್ಟಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸುತ್ತಾರೆ. ನಮ್ಮಲ್ಲಿ ವಿನ್ಯಾಸ ಕದಿಯುವುದು ಮಾಮೂಲು. ಇವತ್ತು ನಮ್ಮ ಮನೆಯ ಸೆರಗು ನಾಳೆ ಪಕ್ಕದ ಬೀದಿಯಲ್ಲಿ ನೇಯ್ಗೆಯಾಗುತ್ತಿತ್ತು. ಅದಕ್ಕೇ ಅಪ್ಪ ಪ್ರತಿ ವಿನ್ಯಾಸದಲ್ಲೂ ಬೇಕೆಂತಲೇ ಒಂದು ಚೌಕವನ್ನು ತಪ್ಪಾಗಿ ತುಂಬುತ್ತಿದ್ದರು. ನವಿಲಿನ ಬಾಲದಲ್ಲಿ ಇರಬಾರದ ಜಾಗದಲ್ಲಿ ಒಂದು ಚುಕ್ಕೆ. ಮನೆಯಲ್ಲಿ ಅದನ್ನು ಕಳ್ಳಚುಕ್ಕೆ ಅನ್ನುತ್ತಿದ್ದೆವು. ಕದ್ದವನು ಅದನ್ನೂ ಸೇರಿಸಿಯೇ ಕದಿಯುತ್ತಿದ್ದ. ಬೀದಿಯ ಹಿರಿಯರ ಮುಂದೆ ಸೀರೆ ಹರಡಿ ಅಪ್ಪ ಅಲ್ಲಿ ಬೆರಳಿಟ್ಟರೆ ಮುಗಿಯಿತು, ವಾದವೇ ಇರುತ್ತಿರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಭೂಗೋಳದಲ್ಲಿ ಸಂಶೋಧನೆಗೆ ಸೇರಿದೆ. ನಮ್ಮ ತಾಲ್ಲೂಕಿನ ಕೆರೆಕುಂಟೆಗಳನ್ನೆಲ್ಲ ಕಂಪ್ಯೂಟರಿನ ನಕ್ಷೆಗೆ ತಂದು, ಯಾವುದು ಎಷ್ಟು ಬತ್ತಿದೆ ಎಂದು ಲೆಕ್ಕ ಹಾಕುವುದು ನನ್ನ ವಿಷಯ. ಉಪಗ್ರಹದ ಚಿತ್ರವನ್ನು ಮೊದಲ ಸಲ ಹಿಗ್ಗಿಸಿ ನೋಡಿದಾಗ ನಗು ಬಂತು. ಅದೂ ಬರೀ ಚೌಕಗಳೇ. ಅಪ್ಪ ಕೂತು ಚೌಕ ತುಂಬುತ್ತಿದ್ದ ಹಜಾರದಿಂದ ನಾನು ಹೆಚ್ಚು ದೂರವೇನೂ ಬಂದಿರಲಿಲ್ಲ.

ನನ್ನ ಗೈಡು ಮೆಲುಮಾತಿನ ಮನುಷ್ಯ. ತಿಂಡಿ ಆಯಿತಾ ಎಂದು ವಿಚಾರಿಸದೆ ಕೆಲಸದ ಮಾತೆತ್ತುತ್ತಿರಲಿಲ್ಲ.

"ಒಂದು ದೊಡ್ಡ ಪ್ರಾಜೆಕ್ಟ್ ಬರೋ ಹಾಗಿದೆ ಕಣಮ್ಮ. ಬಂದ್ರೆ ಫೆಲೋಶಿಪ್ ನಿಂದೇ. ತೋರ್ಸೋಕೆ ಒಂದು ನಕ್ಷೆ ಬೇಕು, ಮಾಡ್ಕೊಡ್ತೀಯಾ?"

ಮಾಡಿಕೊಡದೆ ಇರುತ್ತೇನೆಯೇ? ಫೆಲೋಶಿಪ್ ಬರುವ ತನಕ ದಾರಿ ಸಾಗಬೇಕಲ್ಲ ಎಂದು ಅಪ್ಪ ಮನೆಯ ಎರಡು ಮಗ್ಗಗಳಲ್ಲಿ ಒಂದನ್ನು ಮಾರಿದರು. "ನಿಂದು ಬಂದ್ಮೇಲೆ ಇನ್ನೊಂದು ಹಾಕ್ಸೋಣ ಬಿಡು" ಅಂದರು. ಅಂದಿನಿಂದ ಮನೆಯ ಸದ್ದು ಅರ್ಧವಾಯಿತು. ಆ ಅರ್ಧ ಸದ್ದು ನನ್ನನ್ನು ಬೆಳಗಾಗುವ ಮೊದಲೇ ಎಬ್ಬಿಸಿ ಬಸ್ಸು ಹತ್ತಿಸುತ್ತಿತ್ತು.

ಹಳ್ಳಿಹಳ್ಳಿ ಸುತ್ತಿದೆ. ಕೆರೆಯ ಅಂಗಳ ಎಲ್ಲಿಗೆ ಮುಗಿಯುತ್ತದೆಂದು ಕಂಡಕಂಡವರನ್ನು ಕೇಳಿದೆ. ಒಬ್ಬ ಅಜ್ಜಿ ಮಜ್ಜಿಗೆ ಕೊಟ್ಟು, "ಕೆರೆ ಅಳ್ದು ಏನ್ ಮಾಡ್ತೀಯವ್ವಾ, ಮದ್ವೆ ಆಗೋದ್ ಬಿಟ್ಟು?" ಎಂದು ಕೇಳಿದರು. ಕುಡಿದು ಮುಂದಿನ ಕೆರೆಗೆ ಹೋದೆ.

ನಕ್ಷೆ ಮುಗಿದ ದಿನ ಅದರ ಒಂದು ಪ್ರತಿಯನ್ನು ಅಪ್ಪನಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ, "ಚುಕ್ಕೆ ಹಾಕಿದ್ದೀಯಾ?"

"ಅಯ್ಯೋ, ಇದು ಸೀರೆ ಅಲ್ಲ ಅಪ್ಪ. ಅಲ್ಲಿ ಹಾಗೆಲ್ಲ ಯಾರೂ ಕದಿಯಲ್ಲ."

"ಕದೀದೇ ಇದ್ರೆ ಒಳ್ಳೇದೇ. ಹಾಕಿರು."

ಅವರ ಸಮಾಧಾನಕ್ಕೆ ಹಾಕಿದೆ. ದೊಡ್ಡಬೆಳವಂಗಲದ ದಾರಿಯಲ್ಲಿ ಒಂದು ಬೋಳು ಬಂಡೆಯಿದೆ, ಮಳೆ ಹುಯ್ದರೂ ಅದರ ಮೇಲೆ ನೀರು ನಿಲ್ಲುವುದಿಲ್ಲ. ಅಲ್ಲೊಂದು ಪುಟ್ಟ ಕುಂಟೆ ಬರೆದು ಅಪ್ಪನಿಗೂ ಆ ಜಾಗ ತೋರಿಸಿದೆ. ಪ್ರಬಂಧ ಸಲ್ಲಿಸುವಾಗ ಅಳಿಸಿದರಾಯಿತು ಎಂದುಕೊಂಡು ಫ್ಲಾಪಿಯನ್ನು ಗೈಡಿನ ಕೈಗೆ ಕೊಟ್ಟೆ.

ಪ್ರಾಜೆಕ್ಟ್ ಬಂತು. ಫೆಲೋಶಿಪ್ಪು ಮೇಲಿನವರ ಕಡೆಯ ಹುಡುಗನೊಬ್ಬನಿಗೆ ಹೋಯಿತು. "ನನ್ ಕೈಲಿ ಏನೂ ಇರ್ಲಿಲ್ಲಮ್ಮ" ಅಂದರು ಗೈಡು. ಪೆದ್ದಿ ನಾನು, ನಂಬಿದೆ. ಅವರ ಮುಖ ಬಾಡಿದೆಯೆಂದು ನಾನೇ ಸಮಾಧಾನ ಹೇಳಿ ಬಂದೆ.

ಕೆಲವು ತಿಂಗಳ ನಂತರ ಬೆಂಗಳೂರಿನಲ್ಲೊಂದು ವಿಚಾರ ಸಂಕಿರಣ. ಗೋಡೆಯ ಮೇಲೆ ಗೈಡಿನ ಹೊಸ ವರದಿಯ ನಕ್ಷೆ ತೂಗುಹಾಕಿದ್ದರು. ಬಣ್ಣ ಬೇರೆ, ಅಂಚು ಬೇರೆ, ಕೆಳಗೆ ಅವರೊಬ್ಬರದೇ ಹೆಸರು. ನನ್ನ ಕಣ್ಣು ತಾನಾಗಿಯೇ ಬೆಳವಂಗಲದ ದಾರಿಗೆ ಹೋಯಿತು. ಬಂಡೆಯ ಮೇಲೆ ಕುಂಟೆ, ತಣ್ಣಗೆ ನೀಲಿಯಾಗಿ ಕೂತಿತ್ತು. ಮೈಯೆಲ್ಲ ಉರಿಯಿತು. ಅದರ ಜೊತೆಗೇ, ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯೂ ಆಯಿತು. ಸಿಕ್ಕಿಬಿದ್ದಿರಿ ಸ್ವಾಮಿ ಎಂದುಕೊಂಡೆ.

ಮರುದಿನ ಅವರ ಕೋಣೆಗೆ ಹೋಗಿ ಅಪ್ಪನ ಹಾಗೆಯೇ ನಕ್ಷೆಯ ಮೇಲೆ ಬೆರಳಿಟ್ಟೆ. "ಇಲ್ಲಿ ಕುಂಟೆ ಇಲ್ಲ ಸರ್. ಗುರುತಿಗೆ ಅಂತ ನಾನೇ ಹಾಕಿದ್ದು."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ತಲೆಯೇನೂ ತಗ್ಗಿಸಲಿಲ್ಲ.

"ಯಾರ ಮುಂದೆ ಹೇಳ್ತೀಯಮ್ಮ ಇದನ್ನ? ಕುಂಟೆ ಇಲ್ದಿರೋ ಕಡೆ ಬೇಕಂತ ಕುಂಟೆ ಬರ್ದೋಳಿಗೆ ಯಾರು ಡಾಕ್ಟರೇಟ್ ಕೊಡ್ತಾರೆ?" ಬೈಗುಳದ ದನಿಯೇ ಅಲ್ಲ, ತಿಂಡಿ ಆಯಿತಾ ಎಂದು ಕೇಳುವ ಅದೇ ದನಿ. "ಹೇಳಿದ್ದು ಒಳ್ಳೇದಾಯ್ತು. ಅದನ್ನ ತೆಗ್ದು ಸರಿ ಮಾಡ್ಕೊಡು, ನಮ್ಮ ವರದೀಲೂ ತಿದ್ದಿಸ್ತೀನಿ. ನಿನ್ ಪ್ರಬಂಧದಲ್ಲಿ ನಕ್ಷೆ ಕೆಳಗೆ ಮೂಲ ಅಂತ ವರದಿ ಹೆಸ್ರು, ನನ್ ಹೆಸ್ರು ಹಾಕ್ಬಿಡು. ಸಹಿ ನಾನೇ ತಾನೆ ಹಾಕ್ಬೇಕು?"

ನಮ್ಮ ಬೀದಿಯಲ್ಲಿ ಚುಕ್ಕೆಯ ಮೇಲೆ ಬೆರಳಿಟ್ಟರೆ ಕದ್ದವನು ಸಿಕ್ಕಿಬೀಳುತ್ತಿದ್ದ. ಇಲ್ಲಿ ಸಿಕ್ಕಿಬಿದ್ದವಳು ನಾನು. ಎದ್ದು ಬಂದುಬಿಡಬಹುದಿತ್ತು, ಆದರೆ ಮಾರಿದ ಮಗ್ಗ ಎದ್ದು ಬರುತ್ತಿರಲಿಲ್ಲ. ಅವರು ಹೇಳಿದ ಹಾಗೆಯೇ ತಿದ್ದಿಕೊಟ್ಟೆ. ಆ ಮನುಷ್ಯನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ, ಕ್ಷಮಿಸುವ ಉದ್ದೇಶವೂ ಇಲ್ಲ.

ಡಾಕ್ಟರೇಟ್ ಬಂದ ದಿನ, ಸಿಹಿ ಹಂಚಲು ಹೊರಡುವ ಮುಂಚೆ, ಅಪ್ಪ ಕೈ ತೊಳೆದುಕೊಂಡು ಬಂದು ಪ್ರಬಂಧವನ್ನು ತೊಡೆಯ ಮೇಲಿಟ್ಟುಕೊಂಡರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ನೇರ ನಕ್ಷೆಗೆ ಹೋಗಿ ಬೆಳವಂಗಲದ ದಾರಿಯಲ್ಲಿ ಬೆರಳು ಆಡಿಸಿದರು. ಮತ್ತೊಮ್ಮೆ ಆಡಿಸಿದರು.

"ಎಲ್ಲಮ್ಮ ಚುಕ್ಕೆ?"

"ತೆಗ್ದ್ಬಿಟ್ಟೆ ಅಪ್ಪ."

ಬೆರಳು ನಕ್ಷೆಯ ಅಡಿಯ ಸಾಲಿಗೆ ಇಳಿಯಿತು. "ಇಲ್ಲಿರೋದು ನಿನ್ ಹೆಸ್ರಾ?"

"ಅಲ್ಲ. ನಮ್ ಗೈಡಿಂದು."

ಅಪ್ಪ ಪುಸ್ತಕ ಮುಚ್ಚಿ, ಪಂಚೆಯ ತುದಿಯಿಂದ ಅದರ ರಟ್ಟು ಒರೆಸಿ ನನ್ನ ಕೈಗೆ ಕೊಟ್ಟರು. "ಬೀದೀಲಿ ಯಾರಿಗೂ ನಕ್ಷೆ ತೋರಿಸ್ಬೇಡ" ಎಂದು ಹೇಳಿ, ಮೈಸೂರುಪಾಕಿನ ಡಬ್ಬಿ ಹಿಡಿದು ಹೊರಗೆ ಹೋದರು.