ಬಾಣಂತಿ ಕೋಣೆಯ ನಾತ

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥ ಸಂಗತಿಗಳನ್ನು ನಂಬುವವಳಲ್ಲ. ನಮ್ಮ ಕಡೆ ಬೆಕ್ಕು ಅಡ್ಡ ಬಂದರೆ ಒಂದು ಮಾತು, ಹಲ್ಲಿ ನುಡಿದರೆ ಇನ್ನೊಂದು. ಹುಡುಗಿಯಾಗಿದ್ದಾಗ ಅವನ್ನೆಲ್ಲ ಕೇಳಿ ನಕ್ಕು ಅವ್ವನಿಂದ ಬೈಸಿಕೊಂಡಿದ್ದೇನೆ. ಹೊಲದ ಹುಣಸೆಮರದಲ್ಲಿ ಏನೋ ಇದೆ ಎಂದು ಗೆಳತಿಯರು ಸುತ್ತು ಬಳಸಿ ಹೋಗುವಾಗ ನಾನು ಅದರ ಕೆಳಗೇ ನಿಂತು ಹುಣಸೆಕಾಯಿ ತಿನ್ನುತ್ತಿದ್ದೆ. ಈಗಲೂ ಯಾರಾದರೂ ದೆವ್ವದ ಕತೆ ತೆಗೆದರೆ ನನಗೆ ಆಕಳಿಕೆ ಬರುತ್ತದೆ. ಆದರೆ ನನ್ನ ಮೊದಲ ಬಾಣಂತನದಲ್ಲಿ ನಡೆದದ್ದನ್ನು ಮಾತ್ರ ಏನೆಂದು ತಿಳಿಯಬೇಕೋ ಇಷ್ಟು ವರ್ಷವಾದರೂ ನನಗೆ ಗೊತ್ತಾಗಿಲ್ಲ. ನೀವು ನಂಬಿರಿ, ಬಿಡಿರಿ, ನಡೆದಷ್ಟನ್ನು ಹೇಳುತ್ತೇನೆ.

ಆಗ ನಮ್ಮದು ನಿಜಾಮರ ರಾಜ್ಯ. ನನ್ನ ಗಂಡನ ಮನೆ ಸಾಲಗುಂದ, ತವರು ಮಸ್ಕಿ. ಅಪ್ಪನದು ಬಜಾರದಲ್ಲಿ ಅರಿವೆ ಅಂಗಡಿ. ನನ್ನ ಮದುವೆಯ ಮರುವರ್ಷ ಗುಡ್ಡದ ಬುಡದಲ್ಲಿ ಯಾರದೋ ಬಿದ್ದುಹೋದ ಮನೆಯ ಜಾಗ ಕೊಂಡು ಹೊಸ ಮನೆ ಕಟ್ಟಿಸಿದ್ದ. ಹಿಂದಿನ ಕೋಣೆಗಾಗಿ ನೆಲ ತೋಡುವಾಗ ಒಂದು ಅಗಲವಾದ ಬಂಡೆ ಹತ್ತಿತಂತೆ. ಮಸ್ಕಿಯಲ್ಲಿ ಗುದ್ದಲಿ ಹಾಕಿದಲ್ಲೆಲ್ಲ ಬಂಡೆಯೇ. ಅದರಲ್ಲಿ ಯಾರಿಗೂ ವಿಶೇಷ ಕಾಣಲಿಲ್ಲ. ಅಪ್ಪನಂತೂ "ದೇವರ ನಮಗ ನೆಲ ಹಾಸಿಕೊಟ್ಟಾನ" ಎಂದು ಹಿಗ್ಗಿ, ಬಂಡೆಯನ್ನು ಅಲ್ಲಾಡಿಸದೆ ಅದರ ಮೇಲೆಯೇ ಮಣ್ಣು ಬಡಿಸಿ ನೆಲ ಮಾಡಿಸಿದ. ಬಂದವರಿಗೆಲ್ಲ ಹಿಮ್ಮಡಿಯಿಂದ ಒಮ್ಮೆ ಒದ್ದು ತೋರಿಸುತ್ತಿದ್ದ. ಚೊಚ್ಚಲ ಹೆರಿಗೆಗೆ ನಾನು ಬಂದಾಗ ಆ ಗಟ್ಟಿ ಕೋಣೆಯನ್ನೇ ನನಗೆ ಬಿಟ್ಟುಕೊಟ್ಟರು.

ನಮ್ಮ ಕಡೆಯ ಬಾಣಂತಿ ಕೋಣೆಯನ್ನು ಈಗಿನ ಹುಡುಗಿಯರು ನೋಡಿಲ್ಲ. ಕಿಟಕಿಗೆ ಗೋಣಿತಟ್ಟು, ಕಿವಿಗೆ ಅರಳೆ, ತಲೆಗೆ ಬಿಗಿಯಾಗಿ ಸುತ್ತಿದ ಬಟ್ಟೆ. ಮಂಚದ ಕೆಳಗೆ ಹಗಲೂ ರಾತ್ರಿ ಕೆಂಡದ ಅಗ್ಗಿಷ್ಟಿಗೆ. ಆ ಕೆಂಡಕ್ಕೆ ಲೋಬಾನ, ಅಜಿವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಎಬ್ಬಿಸಿದ ಹೊಗೆ. ಬಾಣಂತಿ ಹೊಸ್ತಿಲು ದಾಟುವಂತಿಲ್ಲ, ಬಿಸಿಲು ಗಾಳಿ ತಾಗಿಸಿಕೊಳ್ಳುವಂತಿಲ್ಲ. ನನ್ನ ಮಂಚದ ಒಂದು ಬದಿಗೆ ಮಗನ ತೊಟ್ಟಿಲು, ಇನ್ನೊಂದು ಬದಿಗೆ ನೆಲದ ಮೇಲೆ ಅವ್ವನ ಹಾಸಿಗೆ. ಅವ್ವ ನನ್ನನ್ನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು.

ಒಂದು ಮುಂಜಾನೆ ಎದ್ದಾಗ ಕೋಣೆಯಲ್ಲಿ ನಾತ. ಸತ್ತ ಇಲಿಯ ನಾತ ನನಗೆ ಗೊತ್ತು, ಇದು ಅದಲ್ಲ. ನೆನೆದ ಕಾಳು ಕೊಳೆತ ಹಾಗೆ, ಅದರ ಹಿಂದೆ ಇನ್ನೇನೋ ತಣ್ಣಗಿನದು, ಹೆಸರಿಲ್ಲದ್ದು. ಅವ್ವನನ್ನು ಕೇಳಿದೆ. ಅವಳು ಮೂಸಿ ನೋಡಿ, "ಏನೂ ಇಲ್ಲಲ್ಲಬೇ, ಲೋಬಾನದ ಹೊಗಿ ಅಷ್ಟ" ಎಂದಳು. ಮಧ್ಯಾಹ್ನದ ಹೊತ್ತಿಗೆ ಅದು ಇನ್ನೂ ಬಲವಾಯಿತು. ಉಣ್ಣಲು ಕೂತರೆ ತುತ್ತು ಇಳಿಯಲೊಲ್ಲದು. ಹೊಗೆ ಹೆಚ್ಚು ಮಾಡಿದರೆ ಹೊಗೆಯನ್ನು ಸೀಳಿಕೊಂಡು ನಾತ ಬರುತ್ತಿತ್ತು.

ನನ್ನ ಕಾಟ ತಾಳಲಾರದೆ ಮನೆಯವರು ಹುಡುಕಲು ಶುರುಮಾಡಿದರು. ನಮ್ಮಲ್ಲೇ ಇದ್ದ ಅವ್ವನ ತಮ್ಮ, ನನ್ನ ಸೋದರಮಾವ, ಜಂತಿಯ ಸಂದುಗಳಲ್ಲಿ ಕೋಲು ಆಡಿಸಿದ. ಗೋಡೆಯ ಗೂಡುಗಳನ್ನು ಖಾಲಿ ಮಾಡಿದ. ಜೋಳದ ಚೀಲ, ಒಣಮೆಣಸಿನಕಾಯಿ ಗಡಿಗೆ, ಕೌದಿಯ ಗಂಟು ಎಲ್ಲ ಹೊರಗೆ ಹೋದವು. ಇಲಿಯ ಬಿಲವೊಂದು ಸಿಕ್ಕಿತು. ಅಗೆದರೆ ಅದರಲ್ಲಿ ಬದುಕಿದ ಇಲಿಯೂ ಇಲ್ಲ, ಸತ್ತ ಇಲಿಯೂ ಇಲ್ಲ. ಕೋಣೆ ಬರಿದಾಗಿ ನಿಂತಿತು, ನಾತ ಮಾತ್ರ ಇದ್ದಲ್ಲೇ ಇತ್ತು. ನಾನು ಮಂಚದಿಂದಿಳಿದು ನೆಲಕ್ಕೆ ಮೂಗು ಹಚ್ಚಿ, ಮಂಚದ ತಲೆಯ ಕಡೆಯ ಒಂದು ಜಾಗ ತೋರಿಸಿ, "ಇಲ್ಲಿಂದ" ಎಂದೆ.

ಆ ಸಂಜೆ ಅಂಗಡಿಯಿಂದ ಬಂದ ಅಪ್ಪ ರುಮಾಲು ಬಿಚ್ಚಿಟ್ಟು, ಆ ದೊಡ್ಡ ಮೈಯನ್ನು ಬಗ್ಗಿಸಿ, ಸೆಗಣಿ ಸಾರಿಸಿದ ನೆಲಕ್ಕೆ ಮೂಗು ಹಚ್ಚಿದ. ಕಚೇರಿಯ ಸಾಹೇಬರ ಮುಂದೆಯೂ ಅಷ್ಟು ಬಗ್ಗದ ಮನುಷ್ಯ. ಬಹಳ ಹೊತ್ತು ಹಾಗೇ ಇದ್ದ. ಎದ್ದು ನನ್ನ ಮುಖ ನೋಡಲಿಲ್ಲ, ಅವ್ವನ ಮುಖ ನೋಡಿದ.

ಆಗ ನನಗೆ ತಿಳಿಯಿತು. ಇಲ್ಲದ ವಾಸನೆ ಬರುತ್ತದೆನ್ನುವ ಬಾಣಂತಿಗೆ ಊರವರು ಕೊಡುವ ಹೆಸರು ಒಂದೇ, ಸನ್ನಿ. ನಮ್ಮ ಓಣಿಯಲ್ಲೇ ಒಬ್ಬಳಿಗೆ ಹಾಗಾಗಿ ಕೂಸನ್ನು ಅವಳಿಂದ ಬಿಡಿಸಿ ಬೇರೆಯವರ ಕೈಯಲ್ಲಿ ಬೆಳೆಸಿದ್ದರು. ಅವಳು ತವರಲ್ಲೇ ಉಳಿದಳು, ಗಂಡನ ಮನೆಯವರು ಮತ್ತೆ ಕರೆದೊಯ್ಯಲಿಲ್ಲ. ಮರುದಿನ ಬೆಳಿಗ್ಗೆ ಓಣಿಯ ಹಿರಿಯಳೊಬ್ಬಳು ಬಂದು ನನ್ನ ಕಣ್ಣರೆಪ್ಪೆ ಎತ್ತಿ ನೋಡಿದಳು. "ಸನ್ನಿ ಏರಾಕತ್ತೈತಿ. ನೆತ್ತಿಗೆ ಬರಿ ಹಾಕಬೇಕು. ಕೂಸನ್ನ ನಾಳಿಗೆ ಬ್ಯಾರೆ ಕಡೆ ಇಡ್ರಿ" ಎಂದಳು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. "ಸಾಲಗುಂದಕ್ಕ ಸುದ್ದಿ ಮುಟ್ಟಬಾರದು" ಎಂದು ಅಪ್ಪ ಮಾವನಿಗೆ ಹೇಳುತ್ತಿದ್ದದ್ದು, ಕಿವಿಯಲ್ಲಿ ಅರಳೆ ಇದ್ದರೂ ನನಗೆ ಕೇಳಿಸಿತು.

ಬರೆಗೆ ನಾನು ಅಂಜಲಿಲ್ಲ, ಮಗುವನ್ನು ಒಯ್ಯುತ್ತಾರಲ್ಲ ಎಂದು ಅಂಜಿದೆ. ಜಾಣೆಯಾಗಿದ್ದರೆ "ಈಗ ವಾಸನಿ ಹೋಗೈತಿ" ಎಂದುಬಿಡಬೇಕಿತ್ತು. ಹೇಳೋಣವೆಂದೇ ಬಾಯಿ ತೆರೆದೆ. ಅವ್ವ ತೊಟ್ಟಿಲ ಬಳಿ ಕೂತು ಕೂಸಿಗೆಂದು ಬಜೆ ತೇಯುತ್ತಿದ್ದಳು. ಅಷ್ಟರಲ್ಲಿ ನಾತ ನೆಲದಿಂದ ಎದ್ದು ಬಂದಿತು. ಅಲ್ಲಿಯವರೆಗೆ ಬಂದದ್ದು ಇದರ ಮುಂದೆ ಏನೂ ಅಲ್ಲ. ಕಣ್ಣಲ್ಲಿ ನೀರು ಬಂತು. ಇಲ್ಲಿ ಇನ್ನೊಂದು ಗಳಿಗೆ ಇರಬಾರದು ಎಂಬುದೊಂದೇ ತಿಳಿಯುತ್ತಿತ್ತು. ಮಗುವನ್ನು ತೊಟ್ಟಿಲಿಂದ ಎತ್ತಿಕೊಂಡೆ, ಹೊಸ್ತಿಲು ದಾಟಿದೆ, ಪಡಸಾಲೆ ದಾಟಿದೆ, ಸುಡು ಸುಡು ಬಿಸಿಲಿಗೆ ಬಂದು ಅಂಗಳದಲ್ಲಿ ನಿಂತೆ.

ಅವ್ವ ಬಜೆಯ ಕೈಯಲ್ಲೇ ಬೆನ್ನಟ್ಟಿ ಓಡಿ ಬಂದಳು. "ಗಾಳಿ ಹಿಡಿತೈತಬೇ, ಒಳಗ ಬಾ. ನಿನ್ನ ಕಾಲಿಗೆ ಬೀಳ್ತೀನಿ, ಕೂಸು ಕೊಡು" ಎಂದು ನನ್ನ ರಟ್ಟೆ ಹಿಡಿದಳು. ನಾನು ಕೊಡಲಿಲ್ಲ. ನಾವಿಬ್ಬರೂ ಹಾಗೆ ಎಳೆದಾಡುತ್ತಿರುವಾಗ ಮನೆಯೊಳಗೆ, ಬಂಡಿಯಿಂದ ಜೋಳದ ಚೀಲ ಕೆಡವಿದಂತೆ ಒಂದು ಸಪ್ಪಳವಾಯಿತು. ಕಾಲ ಕೆಳಗಿನ ನೆಲ ಅದುರಿತು. ಬಾಗಿಲಿಂದ ಧೂಳು ಹೊರಗೆ ಬಂತು.

ಧೂಳು ಇಳಿದ ಮೇಲೆ ನೋಡಿದರೆ ಕೋಣೆಗೆ ನೆಲವೇ ಇರಲಿಲ್ಲ. ಮಂಚ, ತೊಟ್ಟಿಲು, ಅಗ್ಗಿಷ್ಟಿಗೆ, ಅವ್ವನ ಹಾಸಿಗೆ ಎಲ್ಲ ಒಂದು ಕತ್ತಲೆ ಕುಣಿಯೊಳಗೆ ಬಿದ್ದಿದ್ದವು. ಅಪ್ಪ ಬಂಡೆಯೆಂದು ತಿಳಿದದ್ದು ಬಂಡೆಯಲ್ಲ, ಹಗೇವಿನ ಬಾಯಿಗೆ ಮುಚ್ಚಿದ ಚಪ್ಪಡಿ. ಹಗೇವು ಎಂದರೆ ಜೋಳ ತುಂಬಿಡಲು ನಮ್ಮವರು ನೆಲದೊಳಗೆ ತೋಡುವ ಕುಣಿ. ಬಾಯಿ ಕಿರಿದು, ಹೊಟ್ಟೆ ಅಗಲ. ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ತುಳಿದು ನಡೆಯುವವರಿಗೂ ಗೊತ್ತಾಗುವುದಿಲ್ಲ. ಬಿದ್ದ ಮನೆಯ ಹಳೆಯ ಯಜಮಾನರು ತೋಡಿಸಿದ್ದು, ಅವರು ಎಂದೋ ಊರು ಬಿಟ್ಟು ಹೋಗಿದ್ದರು. ದಿನವೆಲ್ಲ ಕೆಂಡದ ಕಾವು ತಿಂದ ಚಪ್ಪಡಿ ಸೀಳಿ, ಸುತ್ತಲಿನ ಮಣ್ಣನ್ನೂ ಎಳೆದುಕೊಂಡು ಹೋಗಿತ್ತು. ಇಷ್ಟು ಎಲ್ಲರಿಗೂ ತಿಳಿಯಿತು, ನನಗೂ ತಿಳಿಯಿತು.

ತಿಳಿಯದ್ದು ಮುಂದಿನದು. ಹಗೇವಿನೊಳಗೆ ಇಳಿಯುವ ಮುಂಚೆ ಕಂದೀಲು ಇಳಿಬಿಟ್ಟು ನೋಡುವುದು ರೂಢಿ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಇದೆಯೆಂದು ಅರ್ಥ. ಮಾವ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ಕಂದೀಲು ತಳ ಮುಟ್ಟಿದರೂ ದೇವರ ಗೂಡಿನ ದೀಪದಂತೆ ನೆಟ್ಟಗೆ ಉರಿಯಿತು. ಆಮೇಲೆ ತಾನೇ ಇಳಿದ. ಬಿದ್ದ ಸಾಮಾನನ್ನೆಲ್ಲ ಮೇಲೆ ಕಳಿಸಿ, ಕಲ್ಲು ಸರಿಸಿ, ತಳ ಕೆದರಿ ನೋಡಿದ. "ಒಂದು ಕಾಳಿಲ್ಲ, ಒಂದು ಹುಳ ಇಲ್ಲ. ಕಸ ಹೊಡದಿಟ್ಟಂಗ ಐತಿ" ಎಂದು ಕೂಗಿದ. ತಳದ ಮಣ್ಣು ಒಂದು ಹಿಡಿ ತಂದು ನನ್ನ ಮೂಗಿಗೇ ಹಿಡಿದ. ಬೇಸಿಗೆಯ ಹೊಲದ ಮಣ್ಣಿನ ವಾಸನೆ, ಅಷ್ಟೇ. ನಾತ ನಾನು ಹೊಸ್ತಿಲು ದಾಟಿದಾಗಲೇ ಹೋಗಿತ್ತು. ಅಂಥದು ಮತ್ತೆಂದೂ ನನ್ನ ಮೂಗಿಗೆ ಬಂದಿಲ್ಲ.

ಅಂದು ಎತ್ತಿಕೊಂಡು ಬಂದ ಕೂಸು ಈಗ ನನಗೇ ಬುದ್ಧಿ ಹೇಳುವಷ್ಟು ಓದಿದ್ದಾನೆ. ಒಳಗೆ ಕಟ್ಟಿಕೊಂಡಿದ್ದ ಗಾಳಿ ಸೀಳಿನಿಂದ ಸೋರಿರಬೇಕು, ಬಾಣಂತಿಯ ಮೂಗು ಚುರುಕು, ಕುಸಿದಾಗ ಉಳಿದದ್ದು ಹಾರಿಹೋಯಿತು ಎನ್ನುತ್ತಾನೆ. ಇರಬಹುದು. ಹಾಗಾದರೆ ಅದು ಹಾರಿಹೋಗುವಾಗ ಅಂಗಳದಲ್ಲಿ ನೆರೆದ ಓಣಿಯ ಮಂದಿಗೆ ಒಬ್ಬರಿಗಾದರೂ ಬರಬೇಡವೇ ಎಂದು ನಾನು ಕೇಳುತ್ತೇನೆ.

ಆ ದಿನ ಬರೆ ಹಾಕುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಹಿರಿಯಳು ಬಂದು ಮಗುವಿನ ತಲೆ ಮುಟ್ಟಿ, ನನ್ನ ಪಾದವನ್ನೂ ಮುಟ್ಟಿ ಹೋದಳು. ಸಂಜೆ ಮಂದಿ ಚದುರಿದ ಮೇಲೆ ನೋಡುತ್ತೇನೆ, ಅವ್ವ ಹಗೇವಿನ ಅಂಚಿಗೆ ಬೋರಲಾಗಿ ಮಲಗಿ ತಲೆಯನ್ನು ಒಳಗೆ ಇಳಿಬಿಟ್ಟಿದ್ದಾಳೆ. ಬಿದ್ದಾಳೆಂದು ಹೆದರಿ ಕೂಗಿದೆ. ಅವಳು ತಲೆ ಎತ್ತಲಿಲ್ಲ. ಜೋರಾಗಿ ಉಸಿರು ಎಳೆದುಕೊಳ್ಳುತ್ತಿದ್ದಳು, ಬಿಡುತ್ತಿದ್ದಳು, ಮತ್ತೆ ಎಳೆದುಕೊಳ್ಳುತ್ತಿದ್ದಳು.

"ಏನ್ ಮಾಡಾಕತ್ತಿ ಅವ್ವಾ?" ಎಂದೆ.

ಎದ್ದು ಕೂತಳು. ಹಣೆಗೆ, ಮೂಗಿಗೆ ಮಣ್ಣು ಹತ್ತಿತ್ತು. "ನಿನ್ನ ಕೂಸಿನ ಸಲುವಾಗಿ ನಿನಗ ಬಂತು, ಖರೇ ಐತಿ" ಎಂದಳು. "ಆ ಮಂಚದ ಮ್ಯಾಲೆ ನನ್ನ ಕೂಸೂ ಮಲಗಿತ್ತಲ್ಲಬೇ. ನನಗ ಯಾಕ ಬರಲಿಲ್ಲ?"

ನಾನು ಸೆರಗಿನಿಂದ ಅವಳ ಹಣೆಯ ಮಣ್ಣು ಒರೆಸಿದೆ.